ರೂಢಿಯ ಸಾಕ್ಷಿಯನ್ನು ನಂಬಬಹುದೋ?

ಮುಂದೆ ಓದುವದಕ್ಕೆ ಮೊದಲು ಈ ಪತ್ರಿಕೆಯನ್ನು ತುಸು ಹೊತ್ತು ಬದಿಗಿಟ್ಟು, ಪ್ರಾರ್ಥನೆಗೆ ಕೈಜೋಡಿಸುವ ಹಾಗೆ ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆಯಿರಿ. ಯಾವ ಹೆಬ್ಬೆರಳು ಮೇಲಿದೆ ಎಂಬದನ್ನು ನೋಡಿಕೊಳ್ಳಿರಿ. ಕೆಲವರಿಗೆ ಬಲಗೈಯದು, ಕೆಲವರಿಗೆ ಎಡಗೈಯದು ಮೇಲಿರುವದು. ಈಗ ಕೈಗಳನ್ನು ಬಿಡಿಸಿ, ಕೆಳಗಿದ್ದ ಹೆಬ್ಬೆರಳು ಮೇಲೆ ಬರುವಂತೆ ಬೆರಳುಗಳನ್ನೆಲ್ಲಾ ಒಂದೊಂದು ಸ್ಥಾನ ಸರಿಸಿ ಮರಳಿ ಹೆಣೆಯಿರಿ. ಇವು ನಮ್ಮ ಕೈಗಳೇ ಅಲ್ಲವೇನೋ ಎಂಬಂತೆ ತೋರುವದು. ಏನೋ ತಪ್ಪಾಯಿತು, ಬೇಗನೆ ಸರಿಮಾಡು ಎಂದು ಒಳಗಿನಿಂದ ಒಂದು ಮಾತು ಬರುವದು. ಆದರೆ ಅಲ್ಲಿ ತಪ್ಪೇನೂ ನಡೆದಿಲ್ಲ. ಅಭ್ಯಾಸವಿಲ್ಲದ್ದನ್ನು ಮೈಯು ತಪ್ಪೆಂದು ತಿಳಿಯಿತು, ಅಭ್ಯಾಸವಾದದ್ದನ್ನು ಸರಿಯೆಂದು ತಿಳಿಯಿತು, ಇಷ್ಟೇ.

ಬೆರಳುಗಳ ವಿಷಯದಲ್ಲಿ ಇದು ಮಕ್ಕಳಾಟ. ಆದರೆ ನಾವು ದಿನವೆಲ್ಲಾ ಏಳುವಾಗಲೂ ಕೂಡ್ರುವಾಗಲೂ, ಬಗ್ಗಿ ಕೊಡವನ್ನೆತ್ತುವಾಗಲೂ, ಬರೆಯುವಾಗಲೂ, ಕೂಗಿ ಕರೆಯುವಾಗಲೂ ಇದೇ ಒಳಗಿನ ಸಾಕ್ಷಿಯ ಮಾತನ್ನು ನಂಬಿ ನಡೆಯುತ್ತೇವೆ. ಆ ಸಾಕ್ಷಿಯು ಸುಳ್ಳು ಹೇಳುವದಾದರೆ ನಮ್ಮ ಗತಿಯೇನು? ಒಳ್ಳೇ ಮನಸ್ಸಿನಿಂದ ಪ್ರಯಾಸಪಡುವವನು ಆ ಪ್ರಯಾಸದಿಂದಲೇ ಕೆಡುವದುಂಟೋ? ಹಾಗೆ ಕೆಟ್ಟರೆ ತಪ್ಪು ಯಾರದು? ಈ ಪ್ರಶ್ನೆಗಳನ್ನು ಬಹಳ ಕಷ್ಟದಿಂದ ಕೇಳಿಕೊಂಡ ಒಬ್ಬ ಮನುಷ್ಯನ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪದಲ್ಲಿ, ವಿನ್ಯಾರ್ಡ್ ಎಂಬ ಊರಿನ ಬಳಿಯಲ್ಲಿ, ೧೮೬೯ರಲ್ಲಿ ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರನು ಹುಟ್ಟಿದನು. ಬಾಲ್ಯದಲ್ಲಿ ಅಶಕ್ತನು, ಉಸಿರಾಟದ ತೊಂದರೆ ಆಗಾಗ ಕಾಡುತ್ತಿತ್ತು. ತರುಣನಾದ ಮೇಲೆ ಕೆಲವು ಕಾಲ ತವರದ ಗಣಿಯ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದು, ೧೮೮೯ರಲ್ಲಿ ಮೆಲ್ಬರ್ನ್ ನಗರಕ್ಕೆ ಹೋದನು. ಅವನ ಆಸೆ ಒಂದೇ: ಶೇಕ್ಸ್‌ಪಿಯರನ ನಾಟಕಭಾಗಗಳನ್ನು ಸಭೆಯ ಮುಂದೆ ಒಬ್ಬನೇ ನಿಂತು ವಾಚಿಸಬೇಕು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಅದಕ್ಕೆ ಗಂಟಲೇ ಬಂಡವಾಳ. ಹೆಸರು ಬರತೊಡಗಿತ್ತು. ಅಷ್ಟರಲ್ಲಿ ಧ್ವನಿ ಒಡೆಯತೊಡಗಿತು. ವಾಚಿಸುವಾಗ ಅವನು ಬಾಯಿಂದ ಸದ್ದಾಗುವಂತೆ ಉಸಿರೆಳೆಯುತ್ತಾನೆಂದು ಸ್ನೇಹಿತರು ಹೇಳಿದರು. ವೈದ್ಯರು ಔಷಧ ಕೊಟ್ಟರು, ಗಂಟಲಿಗೆ ಹಚ್ಚಿದರು, ಗುಣವಾಗಲಿಲ್ಲ.

ಒಂದು ಸಲ ಮುಖ್ಯವಾದ ಸಭೆಯೊಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ಎರಡು ವಾರ ಸಾಧ್ಯವಾದಷ್ಟು ಮಾತನ್ನೇ ಬಿಟ್ಟರೆ ಧ್ವನಿ ಸರಿಹೋಗುವದೆಂದು ವೈದ್ಯನು ಹೇಳಿದನು. ಅವನು ಹಾಗೆಯೇ ಮಾಡಿದನು. ಧ್ವನಿ ತಿಳಿಯಾಯಿತು. ಸಭೆಯ ಸಾಯಂಕಾಲ ಸಂತೋಷದಿಂದ ವಾಚನವನ್ನು ಆರಂಭಿಸಿದನು. ಅರ್ಧಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿತು, ಕೊನೆಗೆ ಮಾತೇ ಹೊರಡದಂತಾಯಿತು. ಮರುದಿನ ವೈದ್ಯನ ಬಳಿಗೆ ಹೋಗಿ ಅವನು ಕೇಳಿದ್ದೇನಂದರೆ: ಆರಂಭದಲ್ಲಿ ಸರಿಯಿದ್ದ ಧ್ವನಿ ಒಂದು ತಾಸಿನೊಳಗೆ ಕೆಟ್ಟಿತಾದರೆ, ವಾಚಿಸುವಾಗ ನಾನೇ ಏನೋ ಮಾಡಿ ಅದನ್ನು ಕೆಡಿಸುತ್ತೇನೆಂದು ಹೇಳಬಹುದಲ್ಲವೇ? ಹೌದೆಂದು ವೈದ್ಯನು ಒಪ್ಪಿಕೊಂಡನು. ಏನು ಮಾಡುತ್ತೇನೆ? ಅದನ್ನು ಹೇಳುವದು ವೈದ್ಯನಿಂದಾಗಲಿಲ್ಲ. ಹಾಗಾದರೆ ನಾನೇ ಹುಡುಕಬೇಕಾಯಿತು ಎಂದು ಹೇಳಿ ಅವನು ಮನೆಗೆ ಬಂದನು. ತನ್ನ ಬದುಕಿನ ದಾರಿಯೇ ಮುಚ್ಚಿಹೋಗುವ ವೇಳೆಯಲ್ಲಿ ದೈವವನ್ನಾಗಲಿ ಹವೆಯನ್ನಾಗಲಿ ದೂರದೆ, ನಾನು ಏನು ಮಾಡುತ್ತೇನೆ ಎಂದು ಕೇಳುವ ಮನುಷ್ಯರು ವಿರಳ.

ಅವನು ಒಂದು ಕನ್ನಡಿಯ ಮುಂದೆ ನಿಂತು ಮೊದಲು ಸಾಮಾನ್ಯವಾಗಿ ಮಾತಾಡಿದನು, ಅನಂತರ ವಾಚಿಸಿದನು. ವಾಚಿಸುವಾಗ ಮೂರು ಸಂಗತಿಗಳು ಕಂಡುಬಂದವು: ತಲೆಯನ್ನು ಹಿಂದಕ್ಕೆ ಜಗ್ಗುತ್ತಿದ್ದನು, ಗಂಟಲಿನ ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಅಮುಕುತ್ತಿದ್ದನು, ಬಾಯಿಂದ ಉಸಿರನ್ನು ಸೆಳೆಯುತ್ತಿದ್ದನು. ಮತ್ತೂ ಸೂಕ್ಷ್ಮವಾಗಿ ನೋಡಿದಾಗ ಸಾಮಾನ್ಯ ಮಾತಿನಲ್ಲಿಯೂ ಇವೇ ಮೂರು ಸಣ್ಣ ಪ್ರಮಾಣದಲ್ಲಿ ಇದ್ದವು. ಉಸಿರನ್ನಾಗಲಿ ಧ್ವನಿಪೆಟ್ಟಿಗೆಯನ್ನಾಗಲಿ ನೇರವಾಗಿ ತಡೆಯುವದಕ್ಕೆ ಆಗಲಿಲ್ಲ. ತಲೆಯು ಹಿಂದಕ್ಕೆ ಹೋಗುವದನ್ನು ಮಾತ್ರ ಸ್ವಲ್ಪ ಮಟ್ಟಿಗೆ ತಡೆಯಬಹುದಾಗಿತ್ತು. ಅದನ್ನು ತಡೆದಾಗ ಉಳಿದೆರಡೂ ತಾವಾಗಿಯೇ ಕಡಿಮೆಯಾದವು. ಇಷ್ಟಾದ ಮೇಲೆ ದಾರಿ ಸಿಕ್ಕಿತೆಂದೇ ಅವನು ತಿಳಿದನು. ತಲೆಯನ್ನು ಮುಂದಕ್ಕೆ ಇಟ್ಟುಕೊಂಡು ವಾಚಿಸಿದರೆ ಆಯಿತು!

ಇಲ್ಲಿಯೇ ಈ ವೃತ್ತಾಂತದ ತಿರುಳಿದೆ. ತಲೆಯನ್ನು ಮುಂದಕ್ಕೆ ಇಟ್ಟುಕೊಂಡೇ ವಾಚಿಸುತ್ತಿದ್ದೇನೆಂದು ಅವನಿಗೆ ಖಂಡಿತವಾಗಿ ತೋರುತ್ತಿತ್ತು, ಆದರೂ ಫಲವು ಸ್ಥಿರವಾಗಲಿಲ್ಲ. ಸಂಶಯಪಟ್ಟು, ಮುಂದಿನ ಕನ್ನಡಿಯ ಎರಡು ಬದಿಗಳಲ್ಲಿ ಇನ್ನೆರಡು ಕನ್ನಡಿಗಳನ್ನು ನಿಲ್ಲಿಸಿ ನೋಡಿದನು. ಮಾತು ಹೊರಡುವ ಕ್ಷಣದಲ್ಲಿ ತಲೆಯು ಹಿಂದಕ್ಕೇ ಹೋಗುತ್ತಿತ್ತು. ಮುಂದಕ್ಕೆ ಇಟ್ಟೆನೆಂದು ಮೈಯು ಹೇಳುತ್ತಿದ್ದ ಆ ಗಳಿಗೆಯಲ್ಲಿಯೇ ಅವನು ಅದಕ್ಕೆ ವಿರುದ್ಧವಾದದ್ದನ್ನು ಮಾಡುತ್ತಿದ್ದನು. ಅವನು ಕಪಟಿಯಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ತನ್ನ ವಿಷಯದಲ್ಲಿ ಪೂರಾ ಪ್ರಾಮಾಣಿಕನಾಗಿದ್ದೇ ತಪ್ಪಿದ್ದನು.

ಇನ್ನೊಂದು ಸಂಗತಿಯೂ ಹೊರಬಿತ್ತು. ಕಾಲ್ಬೆರಳುಗಳು ನೆಲವನ್ನು ಹಿಡಿದುಕೊಳ್ಳುವಂತೆ ನಿಲ್ಲಬೇಕೆಂದು ಹಿಂದೆ ಅವನಿಗೆ ಪಾಠ ಹೇಳಿದ ಒಬ್ಬ ಗುರುವು ಕಲಿಸಿದ್ದನು. ಗುರುವು ಕಾಲುಗಳನ್ನು ಹೇಗಿಟ್ಟನೋ ಅವನೇ ಬಲ್ಲ; ಶಿಷ್ಯನು ಭಕ್ತಿಯಿಂದ ಪಾದಗಳನ್ನು ಸೆಟೆಸಿ, ಕಾಲುಗಳನ್ನು ಬಿಗಿದು, ಮೈಯೆಲ್ಲವನ್ನೂ ಕಟ್ಟಿಕೊಂಡು ನಿಲ್ಲುವದನ್ನು ರೂಢಿಮಾಡಿದ್ದನು. ಗಂಟಲಿನ ಕೇಡು ಗಂಟಲಿನಲ್ಲಿ ಮಾತ್ರ ಇರಲಿಲ್ಲ. ವಿಧೇಯತೆಯಿಂದ ಕಲಿತ ಒಳ್ಳೇ ಪಾಠವೂ ಆ ಕೇಡಿನೊಳಗೆ ಸೇರಿಹೋಗಿತ್ತು.

ಮುಂದೆ ಅವನು ಮಾಡಿದ್ದೇನು? ಇನ್ನೂ ಹೆಚ್ಚು ಪ್ರಯಾಸಪಡುವದನ್ನು ಬಿಟ್ಟನು. ವಾಚಿಸಬೇಕೆಂಬ ಯೋಚನೆ ಬಂದ ಮಾತ್ರಕ್ಕೇ ಹಳೆಯ ಬಿಗಿತ ಒಳಗೆ ಎದ್ದುಬರುವದನ್ನು ಅವನು ಕಂಡುಕೊಂಡಿದ್ದನು. ಆದದರಿಂದ ಆ ಯೋಚನೆ ಬಂದೊಡನೆ, ಇಲ್ಲ, ಈಗ ವಾಚಿಸುವದಿಲ್ಲ ಎಂದು ಮೊದಲು ತಡೆಯುವನು. ಕುತ್ತಿಗೆ ಸಡಿಲವಾಗಿರಲಿ, ತಲೆಯು ಮುಂದಕ್ಕೂ ಮೇಲಕ್ಕೂ ಹೋಗಲಿ, ಬೆನ್ನು ಉದ್ದವಾಗಲಿ, ಅಗಲವಾಗಲಿ ಎಂದು ಮನಸ್ಸಿನಲ್ಲಿ ಅಪ್ಪಣೆಗಳನ್ನು ಮಾತ್ರ ಕೊಡುತ್ತಿರುವನು. ಸ್ನಾಯುಗಳನ್ನು ಹಿಡಿದು ಎಳೆಯುವದಿಲ್ಲ. ಮಾತಾಡುವ ಕ್ಷಣವು ಹತ್ತಿರವಾದಾಗ ಮತ್ತೊಮ್ಮೆ ತನ್ನನ್ನೇ ಕೇಳಿಕೊಳ್ಳುವನು: ಈಗ ವಾಚಿಸಲೋ, ಸುಮ್ಮನಿರಲೋ, ಇಲ್ಲವೆ ಬೇರೇನಾದರೂ, ಉದಾಹರಣೆಗೆ ಕೈಯೆತ್ತುವದನ್ನು ಮಾಡಲೋ? ಅನೇಕ ಸಲ ಸುಮ್ಮನಿರುವನು, ಅನೇಕ ಸಲ ಕೈಯನ್ನು ಮಾತ್ರ ಎತ್ತುವನು. ವಾಚಿಸಿದರೂ ಆ ಅಪ್ಪಣೆಗಳನ್ನು ಬಿಡದೆಯೇ ವಾಚಿಸುವನು. ನೋಡುವವರಿಗೆ ಇದು ಹುಚ್ಚಾಟದಂತೆ ತೋರಿದ್ದೀತು. ಆದರೆ ಗುರಿಯ ಕಡೆಗೆ ಹಾತೊರೆಯದೆ ಇರುವದಕ್ಕೆ ಅವನಿಗೆ ಸಿಕ್ಕಿದ ಉಪಾಯ ಇದೊಂದೇ. ಗುರಿಯನ್ನು ತಲುಪಿದರೂ ತಲುಪದಿದ್ದರೂ ಆದೀತೆಂದು ನಿಜವಾಗಿ ಒಪ್ಪಿಕೊಂಡಾಗ ಮಾತ್ರ ಹಳೆಯ ರೂಢಿಯು ತನ್ನ ಹಿಡಿತವನ್ನು ಬಿಟ್ಟಿತು. ಧ್ವನಿಯ ತೊಂದರೆ ಹೋಯಿತು. ಬಾಲ್ಯದಿಂದ ಕಾಡಿದ ಉಸಿರಾಟದ ತೊಂದರೆಯೂ ಹೋಯಿತೆಂದು ಅವನು ಬರೆದಿದ್ದಾನೆ. ಮೊದಲು ಆಸ್ಟ್ರೇಲಿಯದಲ್ಲಿ ಇತರರಿಗೆ ಕಲಿಸಿ, ೧೯೦೪ರಲ್ಲಿ ಲಂಡನಿಗೆ ಹೋಗಿ, ೧೯೫೫ರಲ್ಲಿ ತೀರಿಕೊಳ್ಳುವ ವರೆಗೂ ಅದನ್ನೇ ಕಲಿಸಿದನು. ಮೇಲೆ ಹೇಳಿದ ಕನ್ನಡಿಗಳ ಕಥೆಯು ಅವನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ.

ಇದರಲ್ಲಿ ನೀತಿಯ ಪ್ರಶ್ನೆಯನ್ನು ಕಂಡವನು ಅಮೆರಿಕದ ತತ್ವಶಾಸ್ತ್ರಜ್ಞನಾದ ಜಾನ್ ಡ್ಯೂಯಿ. ಅವನೂ ಅಲೆಕ್ಸಾಂಡರನಿಂದ ಪಾಠ ಪಡೆದವನೇ, ಅವನ ಮೂರು ಗ್ರಂಥಗಳಿಗೆ ಮುನ್ನುಡಿ ಬರೆದವನು. ೧೯೨೨ರಲ್ಲಿ ಮನುಷ್ಯಸ್ವಭಾವವನ್ನೂ ನಡತೆಯನ್ನೂ ಕುರಿತು ಬರೆದ ತನ್ನ ಪುಸ್ತಕದಲ್ಲಿ ಡ್ಯೂಯಿಯು ಈ ನಿಲ್ಲುವ ವಿಷಯವನ್ನೇ ಉದಾಹರಣೆಯಾಗಿ ತೆಗೆದುಕೊಂಡನು. ನೆಟ್ಟಗೆ ನಿಲ್ಲೆಂದು ಹೇಳಿದರೆ ಸಾಕು, ಮನಸ್ಸಿದ್ದವನು ನಿಂತೇ ನಿಲ್ಲುವನು, ನಿಲ್ಲದವನಿಗೆ ಮನಸ್ಸಿಲ್ಲ ಎಂದು ತಿಳಿಯುವದು ಮಂತ್ರಮಾಟಗಳನ್ನು ನಂಬುವದಕ್ಕೆ ಸಮಾನವೆಂಬದು ಅವನ ವಾದ. ಕೆಟ್ಟ ನಿಲವು ರೂಢಿಯಾದವನು ನೆಟ್ಟಗೆ ನಿಲ್ಲಲು ಯತ್ನಿಸಿದರೆ ಬೇರೊಂದು ರೀತಿಯಿಂದ ಕೆಟ್ಟದಾಗಿ ನಿಲ್ಲುವನು. ಯಾಕಂದರೆ ಯತ್ನಿಸುವವನು ಆ ರೂಢಿಯಿಂದಲೇ ಆದವನು.

ನಾವು ಬಾಲಕರಾಗಿದ್ದಾಗ ಒಬ್ಬ ಉಪಾಧ್ಯಾಯರು ಬೆತ್ತದ ತುದಿಯನ್ನು ಬೆನ್ನಿಗೆ ಮುಟ್ಟಿಸಿ “ನೆಟ್ಟಗೆ!” ಎನ್ನುತ್ತಿದ್ದರು. ಆಗ ಎದೆಯನ್ನುಬ್ಬಿಸಿ, ನಡುವನ್ನು ಒಳಕ್ಕೆ ಬಾಗಿಸಿ, ಉಸಿರನ್ನು ಬಿಗಿಹಿಡಿದು ಕೂಡ್ರುತ್ತಿದ್ದೆವು. ಅವರು ಹಲಗೆಯ ಕಡೆಗೆ ತಿರುಗಿದೊಡನೆ ಗೋಣಿಚೀಲದಂತೆ ಕುಸಿಯುತ್ತಿದ್ದೆವು. ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೆ ಡೊಂಕು ಹೋದೀತೇ ಎಂದು ಅವರು ಹೇಳುವರು. ಗಾದೆಯೇನೋ ಸರಿ, ಆದರೆ ಅದರಲ್ಲಿ ದಬ್ಬೆ ಕಟ್ಟಿದವನ ಬುದ್ಧಿಯನ್ನು ಯಾರೂ ಪ್ರಶ್ನಿಸುವದಿಲ್ಲವೆಂಬದು ನಮಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ನಾವು ಹಠಮಾರಿಗಳೆಂದು ಅವರು ತಿಳಿದಂತೆ ನಾವೂ ತಿಳಿದುಕೊಂಡೆವು. ಇದು ಸಣ್ಣ ಸಂಗತಿಯಲ್ಲ. ತನ್ನಿಂದ ಆಗದ್ದನ್ನು ತನಗೆ ಮನಸ್ಸಿಲ್ಲದ್ದೆಂದು ನಂಬಿಕೊಂಡ ಮಗುವು ಬೇರೆ ಅನೇಕ ವಿಷಯಗಳಲ್ಲಿಯೂ ತನ್ನ ಮೇಲಿನ ಭರವಸವನ್ನು ಕಳಕೊಳ್ಳುವದು.

ಆ ಪಾಠಗಳು ಹೇಗಿರುತ್ತವೆಂದು ವಾಚಕರು ಕೇಳಬಹುದು. ಅವುಗಳಲ್ಲಿ ಕಸರತ್ತು ಇಲ್ಲ. ಕುರ್ಚಿಯಿಂದ ಏಳುವದು, ಕೂಡ್ರುವದು, ನಡೆಯುವದು, ಮೇಜಿನ ಮೇಲೆ ಬೆನ್ನು ಚಾಚಿ ಮಲಗುವದು, ಇಂಥ ದಿನದ ಕೆಲಸಗಳೇ. ಶಿಕ್ಷಕನು ಶಿಷ್ಯನ ಕುತ್ತಿಗೆಯನ್ನೂ ಬೆನ್ನನ್ನೂ ಕೈಗಳಿಂದ ಹಗುರವಾಗಿ ಮುಟ್ಟಿ, ಬಿಗಿಯದೆ ಏಳುವದು ಎಂಥದೆಂದು ಅವನ ಮೈಗೆ ಅನುಭವ ಮಾಡಿಕೊಡುವನು. ಕನ್ನಡಿಯ ಕೆಲಸವನ್ನು ಈ ಕೈಗಳು ಮಾಡುತ್ತವೆ.

ಶಿಕ್ಷಕನಿಲ್ಲದವರು ಇಷ್ಟನ್ನಾದರೂ ಮಾಡಿ ನೋಡಬಹುದು. ಬೆಂಚಿನ ಮೇಲೆ ಕುಳಿತು, ಒಂದು ಅಂಗೈಯನ್ನು ಕುತ್ತಿಗೆಯ ಹಿಂಭಾಗದಲ್ಲಿ ಮೆಲ್ಲನೆ ಇಟ್ಟುಕೊಂಡು, ಎಂದಿನಂತೆ ಎದ್ದು ನಿಲ್ಲಿರಿ. ಬಹುಮಂದಿಗೆ ಏಳುವದಕ್ಕೆ ತುಸು ಮುಂಚೆಯೇ ಅಲ್ಲಿಯ ಸ್ನಾಯುಗಳು ಬಿಗಿಯುವದೂ ತಲೆಯು ಹಿಂದಕ್ಕೆ ಬೀಳುವದೂ ಕೈಗೆ ಗೊತ್ತಾಗುವದು. ತಲೆಯ ಭಾರವು ನಾಲ್ಕೈದು ಕಿಲೋಗ್ರಾಂ ಉಂಟು. ಬೆನ್ನೆಲುಬಿನ ಮೇಲಣ ಮಣಿಯ ಮೇಲೆ ಅದು ಕೂತಿರುವ ಸ್ಥಳವು ಅನೇಕರು ತಿಳಿಯುವಂತೆ ಕುತ್ತಿಗೆಯ ಬುಡದಲ್ಲಿಲ್ಲ, ಹೆಚ್ಚು ಕಡಿಮೆ ಎರಡು ಕಿವಿಗಳ ನಡುವೆ ಇದೆ. ತಲೆಯ ಭಾರದ ಹೆಚ್ಚಿನ ಪಾಲು ಆ ಸಂದಿಗಿಂತ ಮುಂದಕ್ಕೆ ಇರುವದರಿಂದ ಹಿಂದಿನ ಸ್ನಾಯುಗಳು ಅದನ್ನು ಹಿಡಿದಿರಬೇಕಾಗುತ್ತದೆ; ಆದರೆ ಹಿಡಿಯುವದು ಬೇರೆ, ಜಗ್ಗುವದು ಬೇರೆ. ಈಗ ಮತ್ತೆ ಕುಳಿತುಕೊಂಡು, ಏಳಬೇಕೆಂಬ ಯೋಚನೆಯನ್ನು ತಂದುಕೊಂಡು, ಏಳದೆ ಇರಿ. ಬಿಗಿತ ಬಂದರೆ ಅದು ಇಳಿಯುವ ತನಕ ಕಾದಿರಿ. ಕುತ್ತಿಗೆಯನ್ನು ಸಡಿಲಿಸುವದಕ್ಕೆಂದು ಬಲವಂತ ಮಾಡಬೇಡಿರಿ. ಅದು ಇನ್ನೊಂದು ಬಿಗಿತವಾಗುವದು. ಇಷ್ಟು ಚಿಕ್ಕ ಕೆಲಸದಲ್ಲಿ ಎಷ್ಟು ಅಸಹನೆ ಹುಟ್ಟುವದೆಂಬದನ್ನು ಕಂಡರೆ ಆಶ್ಚರ್ಯವಾಗುವದು.

ಈ ವಿದ್ಯೆಯಿಂದ ಏನು ಪ್ರಯೋಜನವೆಂಬದನ್ನು ಅಳತೆಮಾಡಿ ನೋಡಿದ್ದುಂಟು. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇಲ್ಲವೆ ಪದೇ ಪದೇ ನಡುನೋವಿನಿಂದ ಬಳಲುತ್ತಿದ್ದ ೫೭೯ ಮಂದಿಯನ್ನು ಚೀಟಿಯೆತ್ತಿದಂತೆ ಬೇರೆ ಬೇರೆ ಗುಂಪುಗಳಾಗಿ ಹಂಚಿ ಪರೀಕ್ಷಿಸಿದ ವರದಿಯು ೨೦೦೮ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವರ್ಷವಾದ ಮೇಲೆ ವಿಚಾರಿಸಿದಾಗ, ಸಾಧಾರಣ ಚಿಕಿತ್ಸೆ ಮಾತ್ರ ಪಡೆದವರು ನಾಲ್ಕು ವಾರಗಳಲ್ಲಿ ಹೆಚ್ಚು ಕಡಿಮೆ ೨೧ ದಿನ ನೋವನ್ನು ಅನುಭವಿಸುತ್ತಿದ್ದರು. ೨೪ ಪಾಠಗಳನ್ನು ಪಡೆದವರಿಗೆ ಅದು ೩ ದಿನಕ್ಕೆ ಇಳಿದಿತ್ತು, ೬ ಪಾಠ ಪಡೆದವರಿಗೆ ೧೧ ದಿನಕ್ಕೆ. ಮೈ ತಿಕ್ಕಿಸಿಕೊಂಡವರಿಗೆ ೧೪ ದಿನ. ಕೈಯ ಸ್ಪರ್ಶದಿಂದಲೂ ಒಳ್ಳೇ ಮಾತಿನಿಂದಲೂ ಬರುವ ಉಪಶಮನ ಇಷ್ಟೇ ಎಂದು ತಳ್ಳಿಹಾಕುವವರು ಈ ಕೊನೆಯ ಅಂಕೆಯನ್ನು ಗಮನಿಸಬೇಕು. ೨೦೧೫ರಲ್ಲಿ ಪ್ರಕಟವಾದ ಕುತ್ತಿಗೆನೋವಿನ ಪರೀಕ್ಷೆಯಲ್ಲಿಯೂ ಇದರಿಂದ ಪ್ರಯೋಜನ ಕಂಡಿತು. ಆದರೆ ಸೂಜಿ ಚುಚ್ಚುವ ಚೀನೀಯ ಚಿಕಿತ್ಸೆಯಿಂದಲೂ ಅಷ್ಟೇ ಪ್ರಯೋಜನ ಕಂಡಿತು. ಉಬ್ಬಸಕ್ಕೆ ಇದು ಪರಿಹಾರವೆಂದು ಹೇಳುವವರಿಗೆ ತಕ್ಕ ಆಧಾರವಿಲ್ಲ. ನೋವಿನ ಸಂಗಡ ಕಾಲಿನಲ್ಲಿ ಜೋಮು, ನಿಶ್ಶಕ್ತಿ, ಜ್ವರ ಮೊದಲಾದವುಗಳು ಇದ್ದರೆ ಕನ್ನಡಿಯ ಮುಂದೆ ನಿಲ್ಲತಕ್ಕದ್ದಲ್ಲ, ವೈದ್ಯರ ಬಳಿಗೆ ಹೋಗತಕ್ಕದ್ದು.

ಅಲೆಕ್ಸಾಂಡರನನ್ನು ನಾವು ಸರ್ವಜ್ಞನೆಂದು ಹೊಗಳುವದಿಲ್ಲ. ೧೯೧೦ರಲ್ಲಿ ಬಂದ ಅವನ ಮೊದಲನೆಯ ಗ್ರಂಥದಲ್ಲಿ ಇತರ ಜನಾಂಗಗಳನ್ನು ಕೀಳೆಂದು ಕಾಣುವ ಮಾತುಗಳಿವೆ. ತನ್ನ ಕುತ್ತಿಗೆಯ ಸಾಕ್ಷಿಯನ್ನು ಮೂರು ಕನ್ನಡಿಗಳಿಂದ ಪರೀಕ್ಷಿಸಿದವನು ತನ್ನ ಕಾಲದ ಅಭಿಪ್ರಾಯಗಳ ಮುಂದೆ ಒಂದು ಕನ್ನಡಿಯನ್ನೂ ಹಿಡಿಯಲಿಲ್ಲ. ರೂಢಿಯು ಸ್ನಾಯುಗಳಲ್ಲಿ ಮಾತ್ರ ವಾಸಿಸುವದಿಲ್ಲವೆಂಬದಕ್ಕೆ ಅವನೇ ಒಂದು ದೃಷ್ಟಾಂತ.

ಇನ್ನೊಂದು ಸಂಗತಿ ನಮ್ಮ ಮನಸ್ಸನ್ನು ಹೆಚ್ಚಾಗಿ ಕೊರೆಯುತ್ತದೆ. ಲಂಡನಿನಲ್ಲಿ ಅವನ ಬಳಿಗೆ ಬಂದವರಲ್ಲಿ ನಾಟಕಕಾರ ಬರ್ನಾರ್ಡ್ ಷಾ, ಗ್ರಂಥಕರ್ತ ಆಲ್ಡಸ್ ಹಕ್ಸ್‌ಲಿ ಮುಂತಾದವರಿದ್ದರು. ಪಾಠಕ್ಕೆ ಹಣವನ್ನೂ ಹೊತ್ತನ್ನೂ ಕೊಡಬಲ್ಲವರು ಅವರು. ನಮ್ಮ ಕರಾವಳಿಯ ಹಳ್ಳಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು, ತಲೆ ಬಗ್ಗಿಸಿ, ಬೆಳಗಿನಿಂದ ರಾತ್ರಿಯ ವರೆಗೆ ಬೀಡಿ ಕಟ್ಟುವ ಅಕ್ಕನಿಗೆ ಹೋಗಿ, ಅಕ್ಕಾ, ನಿಮ್ಮ ಬೆನ್ನುನೋವು ನಿಮ್ಮ ರೂಢಿಯಿಂದ ಬಂದದ್ದು ಎಂದು ಹೇಳಬಹುದೋ? ಅವಳಿಗೆ ಕೂಲಿ ಸಿಕ್ಕುವದು ಸಾವಿರ ಬೀಡಿಗೆ ಇಷ್ಟೆಂದು. ಕೈ ನಿಂತರೆ ಕೂಲಿಯೂ ನಿಲ್ಲುವದು. ಗುರಿಗೆ ಹಾತೊರೆಯಬೇಡವೆಂಬ ಉಪದೇಶವು ಅವಳ ಕಿವಿಗೆ ಹೇಗೆ ಕೇಳಿಸೀತು! ಕೆಸರಿನಲ್ಲಿ ಬಗ್ಗಿ ನೇಜಿ ನೆಡುವವಳಿಗೂ ಮೂಟೆ ಹೊರುವವನಿಗೂ ಇದೇ ಮಾತು. ನಾಲ್ಕು ತಾಸಿನ ಕೆಲಸವನ್ನು ಎಂಟು ತಾಸು ಮಾಡಿಸಿ, ಮೇಲೆ ಕೂಡ್ರುವ ರೀತಿಯನ್ನು ಆಕ್ಷೇಪಿಸುವವನು ಹೊರೆಯನ್ನು ಹೊರಿಸಿದ ಕೈಯನ್ನು ಮರೆಸುತ್ತಾನೆ. ಆದದರಿಂದ ಅಲೆಕ್ಸಾಂಡರನ ಪ್ರಶ್ನೆಯನ್ನು ಮನುಷ್ಯನು ತನಗೆ ತಾನೇ ಕೇಳಿಕೊಳ್ಳುವದು ಯೋಗ್ಯ. ಬೇರೊಬ್ಬನ ಮುಂದೆ ಅದನ್ನು ಒಡ್ಡುವಾಗ ಎರಡು ಸಾರಿ ಆಲೋಚಿಸಬೇಕೆಂದು ನಮಗೆ ತೋರುತ್ತದೆ.

ಹೀಗೆ ಹೇಳಿದಾಗ್ಯೂ ಪೂರ್ತಿ ಸಮಾಧಾನವಿಲ್ಲ. ಹೊರೆ ಅನ್ಯಾಯವಾದದ್ದೇ ಆದರೂ, ಅದನ್ನು ಹೊರುವಾಗ ಹಲ್ಲುಕಚ್ಚಿ ಹೆಗಲನ್ನು ಕಿವಿಯ ತನಕ ಎತ್ತಿಕೊಳ್ಳುವದರಿಂದ ನೋವು ಇಮ್ಮಡಿಯಾಗುವದು ನಿಜ. ನಮ್ಮ ಪರಿಚಯದ ಬೀಡಿಯ ಅಕ್ಕನೊಬ್ಬಳಿಗೆ ನಾವು ಇದನ್ನೆಲ್ಲಾ ಹೇಳಲಿಲ್ಲ. ಅಂಗೈಯನ್ನು ಕುತ್ತಿಗೆಗೆ ಇಟ್ಟು ಏಳುವ ಆಟವನ್ನು ಮಾತ್ರ ತೋರಿಸಿದೆವು. ಅವಳು ನಕ್ಕು, ಒಂದೆರಡು ಸಾರಿ ಮಾಡಿ, “ಇದು ಏಳುವಾಗ ಮಾತ್ರವೋ? ನೂಲು ಸುತ್ತುವಾಗಲೂ ಹೀಗೇ ಹಿಡಿಯುತ್ತದಲ್ಲಾ” ಎಂದಳು. ಅಂಗೈಯನ್ನು ತೆಗೆದು ಮತ್ತೆ ಮೊರವನ್ನು ಎಳೆದುಕೊಂಡಳು. ಅಂದಿನ ಲೆಕ್ಕಕ್ಕೆ ಇನ್ನೂ ಇನ್ನೂರು ಬೀಡಿ ಉಳಿದಿತ್ತು.

ಈ ಲೇಖನವನ್ನು ಬರೆಯುವಾಗ ನಮ್ಮ ಗತಿಯೂ ಅದಕ್ಕಿಂತ ಉತ್ತಮವಾಗಿರಲಿಲ್ಲ. ಪುಟವೊಂದು ಮುಗಿಯುವಷ್ಟರಲ್ಲಿ ಬಲಹೆಗಲು ಮೇಲೇರಿರುತ್ತಿತ್ತು, ನಾಲಿಗೆಯು ಅಂಗುಳಕ್ಕೆ ಒತ್ತಿಕೊಂಡಿರುತ್ತಿತ್ತು. ಸಂಪಾದಕರು ಕೊಟ್ಟ ದಿನ ಹತ್ತಿರವಾದಷ್ಟೂ ಹೆಚ್ಚು. ಒಮ್ಮೆ ಎದ್ದುಹೋಗಿ ನೀರು ಕುಡಿದು ಬಂದು ಕುಳಿತಾಗ, ಲೇಖಣಿಯ ಕಡೆಗೆ ಕೈ ಚಾಚುವದಕ್ಕೆ ಮುಂಚೆಯೇ ಕುತ್ತಿಗೆ ಬಿಗಿಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡೆವು. ಹೊರಗೆ ಕಾಗೆ ಕೂಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೈ ಚಾಚಿದೆವು.